ನಲವತ್ತು ಕಲ್ಲು, ಬಿಟ್ಟ ಒಂದು ಸಾಲು

ಬಾವಿ ತೋಡುವ ನಮ್ಮ ಹತ್ತಿರ ಗಡಿಯಾರ ಇರಲಿಲ್ಲ. ಬಂಡೆಯಲ್ಲಿ ಮದ್ದು ತುಂಬಿ ಬತ್ತಿಗೆ ಬೆಂಕಿ ಹಚ್ಚಿದ ಮೇಲೆ ಹೊತ್ತು ಅಳೆಯಲೇಬೇಕು. ಅಳತೆ ತಪ್ಪಿದರೆ ಮನುಷ್ಯ ಉಳಿಯುವುದಿಲ್ಲ. ಬೇರೆ ಗುಂಪಿನವರು ಒಂದು ಎರಡು ಎಂದು ಇನ್ನೂರರ ತನಕ ಎಣಿಸುತ್ತಿದ್ದರು. ಎದೆ ಹೊಡೆದುಕೊಳ್ಳುವಾಗ ಎಣಿಕೆ ಓಡುತ್ತದೆ, ಐವತ್ತರಿಂದ ಎಪ್ಪತ್ತಕ್ಕೆ ಜಿಗಿಯುತ್ತದೆ. ಹಾಗೆ ಜಿಗಿದು ಸತ್ತ ಇಬ್ಬರನ್ನು ನಾನು ನೋಡಿದ್ದೇನೆ. ನಮ್ಮ ಗುಂಪು ಕರ್ತನು ಕಲಿಸಿದ ಪ್ರಾರ್ಥನೆಯಿಂದ ಅಳೆಯುತ್ತಿತ್ತು. ಅದನ್ನು ಶುರು ಮಾಡಿದವಳು ನನ್ನ ಅತ್ತೆ. ಎಷ್ಟು ಹೆದರಿದರೂ ಬಾಯಿ ತಪ್ಪದ ಮಾತು ನಮಗೆ ಅದೊಂದೇ ಇತ್ತು.

ಅಳತೆ ಹೀಗೆ. ಬಾವಿಯ ತಳದ ಬಂಡೆಗೆ ಘಣ ಎನ್ನುವ ದೊಡ್ಡ ಸುತ್ತಿಗೆ, ಹಾರೆ ಹಿಡಿದು ಐದು ತೂತು ಹೊಡೆಯುತ್ತಿದ್ದರು. ಒಂದೊಂದಕ್ಕೂ ಮದ್ದು ತುಂಬಿ, ಬತ್ತಿ ಇಳಿಸಿ, ಒಣ ಮಣ್ಣು ಗಿಡಿಯುತ್ತಿದ್ದರು. ಉಳಿದವರೆಲ್ಲ ಮೇಲೆ ಬಂದ ಮೇಲೆ ಹಚ್ಚುವವನು ಒಬ್ಬನೇ ಕೆಳಗೆ ಇರುತ್ತಿದ್ದ. ಮೊದಲ ಬತ್ತಿಗೆ ಬೆಂಕಿ ತಾಗಿತು ಎಂದು ಅವನು ಕೂಗಿದೊಡನೆ ದಂಡೆಯ ಮೇಲೆ ಪ್ರಾರ್ಥನೆ ಶುರು. ಎರಡು ಸಲ ಹೇಳಿ ಮುಗಿಸುವುದರೊಳಗೆ ಅವನು ಐದೂ ಬತ್ತಿ ಹಚ್ಚಿ ಬುಟ್ಟಿಯಲ್ಲಿ ಕೂತಿರಬೇಕು. ಎರಡನೆಯ ಆಮೆನ್ ಬಿದ್ದ ಕೂಡಲೆ ಇಬ್ಬರು ಗಂಡಸರು ಯಾರಿ ತಿರುಗಿಸುತ್ತಿದ್ದರು. ಯಾರಿ ಎಂದರೆ ಕಂಬ, ರಾಟೆ, ಕೈಹಿಡಿಕೆ. ಅದರ ಹಗ್ಗಕ್ಕೆ ಬುಟ್ಟಿ. ಮೂರನೆಯ ಸಲ ಮುಗಿಯುವಷ್ಟರಲ್ಲಿ ಅವನು ಮೇಲೆ, ನಾಲ್ಕನೆಯದರ ನಡುವೆ ಮೊದಲ ಸಿಡಿತ.

ಬಾವಿಯೊಳಗಿನ ಕೂಗು ಮೇಲೆ ಬರುವಷ್ಟರಲ್ಲಿ ಒಡೆದು ಹೋಗುತ್ತದೆ. ಎತ್ತು ಎಂದನೋ, ತಡಿ ಎಂದನೋ ತಿಳಿಯುವುದಿಲ್ಲ. ಅದಕ್ಕೆ ಯಾರಿಯವರಿಗೆ ಒಂದೇ ಕಟ್ಟಳೆ. ಆಮೆನ್ ಬಿಟ್ಟು ಬೇರೆ ಯಾವ ಕೂಗಿಗೂ ಹಿಡಿಕೆ ಮುಟ್ಟಬಾರದು.

ಐದು ಹಚ್ಚಿ ಐದು ಸಿಡಿದರೆ ಹೊಗೆ ಹೋಗಲು ಇನ್ನು ಮೂರು ಪ್ರಾರ್ಥನೆ, ಆಮೇಲೆ ಇಳಿಯಬಹುದು. ನಾಲ್ಕೇ ಕೇಳಿದರೆ ಒಂದು ಒಳಗೆ ಕೂತಿದೆ ಎಂದು ಅರ್ಥ. ಆಗ ನಲವತ್ತು ಪ್ರಾರ್ಥನೆ. ದಂಡೆಯ ಮೇಲೆ ನಲವತ್ತು ಕಲ್ಲಿನ ಒಂದು ಗುಡ್ಡೆ ಯಾವಾಗಲೂ ಇರುತ್ತಿತ್ತು. ಒಂದು ಸಲ ಹೇಳಿದರೆ ಒಂದು ಕಲ್ಲು ಈ ಕಡೆಯಿಂದ ಆ ಕಡೆಗೆ. ಅಷ್ಟೂ ಕಲ್ಲು ದಾಟುವ ತನಕ ಗೌಡರ ಗೌಡ ಬಂದು ಹೇಳಿದರೂ ಯಾರೂ ಇಳಿಯಬಾರದು.

ಹಚ್ಚುವವನು ನನ್ನ ಗಂಡ. ಮೇಲೆ ನಿಂತು ಕೂಗುವವಳು ನಾನು. ಮೊದಲು ಅತ್ತೆ ಕೂಗುತ್ತಿದ್ದಳು, ಅವಳ ಗಂಟಲು ಹೋದ ಮೇಲೆ ನನಗೆ ಬಂತು.

ನಮ್ಮದು ಹುಕ್ಕೇರಿ ಕಡೆ, ಯಮಕನಮರಡಿಯ ಹೊರಗಿನ ಕೇರಿ. ನನ್ನ ಗಂಡನ ಅಜ್ಜನ ಕಾಲಕ್ಕೆ ಕ್ರಿಸ್ತ ಸಭೆಗೆ ಸೇರಿದವರು. ಬೇಸಿಗೆ ಬಂದರೆ ಬಾವಿ ಇದ್ದಲ್ಲಿಗೆ ಹೋಗಿ ಗುಡಿಸಲು ಹಾಕುತ್ತಿದ್ದೆವು. ಮುಂಬಯಿ ಸರ್ಕಾರ ಹೋಗಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲಿನ ಬೇಸಿಗೆ ಕಲ್ಲೋಳಿ ಹತ್ತಿರ ಒಬ್ಬ ಗೌಡರ ಹೊಲದಲ್ಲಿ ಇದ್ದೆವು. ಎರಡಾಳುದ್ದ ಎರೆಮಣ್ಣು, ಒಂದಾಳುದ್ದ ಗರಸುಕಲ್ಲು, ಆಮೇಲೆ ಬರೀ ಕರಿಕಲ್ಲು. ನೀರು ಬಂದ ದಿನದಿಂದ ಆ ಬಾವಿಯ ಹಗ್ಗ ನಾವು ಮುಟ್ಟುವಂತಿರಲಿಲ್ಲ. ಅದು ಎಲ್ಲ ಬಾವಿಗೂ ಇದ್ದದ್ದೇ.

ಅದಕ್ಕಿಂತ ಹಿಂದಿನ ಬೇಸಿಗೆಯ ಬಾವಿ ಧುಪದಾಳದ ಕಡೆ. ಅಲ್ಲಿ ನಾನು ಏಳು ತಿಂಗಳ ಬಸುರಿ. ಸರ್ಕಾರ ಸಾರಾಯಿ ಬಂದ್ ಮಾಡಿದ್ದರೂ ಹಳ್ಳದ ದಂಡೆಯಲ್ಲಿ ಕಳ್ಳಭಟ್ಟಿ ಸಿಗುತ್ತಿತ್ತು. ಗಂಡ ಕುಡಿದು ಬಂದ. ರೊಟ್ಟಿ ಆರಿತ್ತು. ಜುಟ್ಟು ಹಿಡಿದು ಎಳೆದು ಕೆಡವಿ ಹೊಟ್ಟೆಗೆ ಒದ್ದ. ಒಂದಲ್ಲ, ಮೂರು ಸಲ. ಮರುದಿನ ಕೂಸು ಸತ್ತು ಹುಟ್ಟಿತು. ಹೆಣ್ಣು. ಗರಸಿನ ರಾಶಿಯ ಬಾಜೂ ತಗ್ಗು ತೆಗೆದು ಹುಗಿದೆವು. ಅವನೇ ತಗ್ಗು ತೆಗೆದ, ಕೆಲಸದ ಮನುಷ್ಯ, ಚೆನ್ನಾಗಿಯೇ ತೆಗೆದ. ಮೂರನೆಯ ದಿನ ನಾನು ದಂಡೆಯ ಮೇಲೆ ನಿಂತೆ.

ಪ್ರಾರ್ಥನೆಯಲ್ಲಿ ಒಂದು ಸಾಲು ಇದೆ. ನಮಗೆ ಕೆಟ್ಟದ್ದು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನೀನು ನಮ್ಮನ್ನು ಕ್ಷಮಿಸು ಎನ್ನುವುದು. ಅಂದು ಅದು ನನ್ನ ಬಾಯಿಗೆ ಬರಲಿಲ್ಲ. ರೊಟ್ಟಿ ಬೇಡುವ ಸಾಲಿನಿಂದ ನೇರವಾಗಿ ಕೇಡಿನಿಂದ ಬಿಡಿಸು ಎನ್ನುವ ಸಾಲಿಗೆ ಹೋದೆ. ಮರುದಿನವೂ ಹಾಗೆಯೇ. ಆಮೇಲೆ ರೂಢಿ ಆಯಿತು. ಯಾರೂ ಕೇಳಲಿಲ್ಲ. ಯಾರಿಯವರು ಕೇಳುವುದು ಆಮೆನ್ ಒಂದೇ.

ಗಂಡ ಮಾತ್ರ ಒಂದು ಸಲ ಗೊಣಗಿದ. "ಏನ ಓಡಸ್ತೀಯ ಇತ್ತಿತ್ತಲಾಗ? ಬೆನ್ನಿಗೆ ನಾಯಿ ಬಿದ್ದಾವೇನ? ಐದನೇ ಬತ್ತಿ ಹಚ್ಚೂದ್ರಾಗ ಆಮೆನ್ ಅಂತಿ."

"ನೀವ ಮೆತ್ತಗಾಗೀರಿ," ಎಂದೆ. "ಕುಡದ್ರ ಕೈ ಎಲ್ಲಿಂದ ಓಡಬೇಕ್ರಿ?"

ಅದಕ್ಕೆ ಒಂದು ಏಟು ಬಿತ್ತು. ನಾನು ಸಾಲು ಸೇರಿಸಲಿಲ್ಲ.

ಕಲ್ಲೋಳಿಯ ಬಾವಿ ಏಳಾಳು ಇಳಿದಿತ್ತು. ಆ ದಿನ ಬೆಳಿಗ್ಗೆಯೇ ಅವನ ಬಾಯಿ ನಾರುತ್ತಿತ್ತು. ಮದ್ದಿನ ಡಬ್ಬಿಯನ್ನು ಒಣ ಗೋಣಿಯ ಮೇಲೆ ಇಡುವ ಬದಲು ಜಿನುಗು ನೀರಿನ ಕಲ್ಲಿನ ಮೇಲೆ ಇಟ್ಟ. ಆಮೇಲೆ ತುಂಬಿದ, ಹಚ್ಚಿದ, ಮೇಲೆ ಬಂದ. ಒಂದು ಸಿಡಿಯಿತು. ಆಮೇಲೆ ಎರಡು ಒಂದರ ಬೆನ್ನಿಗೆ ಒಂದು. ಆಮೇಲೆ ಒಂದು. ಕಲ್ಲಿನ ಚೂರು ನಮ್ಮ ತಲೆಯ ಮೇಲಿನಿಂದ ಹಾರಿ ಜೋಳದ ಕೂಳೆಯಲ್ಲಿ ಬಿದ್ದವು. ಆಮೇಲೆ ಸಪ್ಪಳ ಇಲ್ಲ.

ನಮ್ಮನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಅವಸರದವನು. ಗೌಡರಿಗೆ ಮಳೆಗಿಂತ ಮುಂಚೆ ನೀರು ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದ. "ಐದೂ ಆದು. ಎರಡ ಕೂಡೇ ಹ್ವಾದು," ಎಂದ.

"ನಾಕ," ಎಂದ ನನ್ನ ಗಂಡ.

"ಐದ ಅಂತೇನಿ. ನನ್ನ ಕಿವಿ ನಿನಕಿಂತ ಚೊಲೊ ಅದಾವ."

"ಕಿವಿ ಚೊಲೊ ಇದ್ರ ನೀವ ಇಳೀರಿ ಮುಕಾದಮ್ರಿ."

ಮುಕಾದಮ ಉಗುಳಿ, "ಎಣಸ ನಿನ್ನ ಕಲ್ಲ," ಎಂದು ನನಗೆ ಹೇಳಿ ದೂರ ಹೋಗಿ ಬೀಡಿ ಹಚ್ಚಿದ.

ನಾನು ಎಣಿಸಿದೆ. ಒಂದು ಸಲ ಹೇಳಿ ಒಂದು ಕಲ್ಲು. ನಲವತ್ತೂ ದಾಟಿಸಿದೆ. ಒಂದು ಕಲ್ಲನ್ನೂ ಕದಿಯಲಿಲ್ಲ, ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಒಂದೊಂದರಲ್ಲೂ ಆ ಸಾಲು ಇರಲಿಲ್ಲ.

ಗಂಡ ಬುಟ್ಟಿಯಲ್ಲಿ ಇಳಿದ. ಬಾಯಿಗೆ ರೂಢಿಯಾಗಿ ನಾನು ಹೇಳುತ್ತಲೇ ಇದ್ದೆ. ಮೊದಲನೆಯದು ಮುಗಿಯಿತು, ಅವನು ತಳ ಮುಟ್ಟಿದ. ಎರಡನೆಯದು ಮುಗಿಯಿತು. ಮೂರನೆಯದರ ನಡುವೆ ಬಾವಿ ಹೊಟ್ಟೆಯಿಂದ ಕೆಮ್ಮಿತು.

ಹೊಗೆ ಬಂತು, ಆಮೇಲೆ ಅವನ ದನಿ ಬಂತು. ದನ ಕೊಯ್ಯುವಾಗ ಬರುವ ದನಿ. ಯಾರಿಯ ಇಬ್ಬರೂ ಓಡಿದರು. ಮುಕಾದಮ ಹಗ್ಗದ ತುದಿಯಿಂದ ಅವರ ಬೆನ್ನಿಗೆ ಬಾರಿಸಿ ತಿರುಗಿ ತಂದ. ನಾನು ಬುಟ್ಟಿಗೆ ಕಾಯದೆ ಹಗ್ಗ ಹಿಡಿದು ಜಾರಿದೆ, ಅಂಗೈಯ ತೊಗಲು ಹೋಯಿತು. ಮದ್ದು ಅರ್ಧ ನೆನೆದಿತ್ತು, ಅದಕ್ಕೇ ಅವನು ಇಡಿಯಾಗಿ ಸಿಕ್ಕ. ಮುಖ ಇರಲಿಲ್ಲ, ಬರೀ ಕೆಂಪು. ಬಲಗೈ ಮಣಿಕಟ್ಟಿನ ಕೆಳಗೆ ಹರಿದ ಚಿಂದಿಯ ಹಾಗೆ ಜೋಲುತ್ತಿತ್ತು. ಸೀರೆ ಹರಿದು ಮೊಣಕೈ ಬಿಗಿದು ಕಟ್ಟಿ ಅವನನ್ನು ಬುಟ್ಟಿಗೆ ಹಾಕಿದೆ. ಬುಟ್ಟಿ ಮೇಲೆ ಹೋಗುವಾಗ ಅವನ ರಕ್ತ ನನ್ನ ತಲೆಯ ಮೇಲೆ ಹನಿಯಿತು.

ಗೌಡರ ಚಕ್ಕಡಿಯಲ್ಲಿ ಗೋಕಾಕದ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಅವನು ಎಡಗಾಲಿನಿಂದ ನನ್ನನ್ನು ಒದೆಯುತ್ತಿದ್ದ. ನೋವಿಗೆ ಒದೆಯುತ್ತಿದ್ದಾನೋ ನನಗೆ ಒದೆಯುತ್ತಿದ್ದಾನೋ ಎಂದು ನಾನು ನೋಡಲಿಲ್ಲ, ಕಾಲಿನ ಮೇಲೆ ಕೂತೆ. ಡಾಕ್ಟರು ಮಣಿಕಟ್ಟಿನಿಂದ ಕೈ ತೆಗೆದರು. ಎರಡೂ ಕಣ್ಣು ಹೋದವು ಎಂದರು. ಜೀವ ಉಳಿದೀತು ಎಂದರು.

ಅವನ ಎಡಗೈಗೆ ಸೂಜಿ ಚುಚ್ಚಿ ಗಾಜಿನ ಬಾಟಲಿ ತೂಗುಹಾಕಿದ್ದರು. ಅದರಿಂದ ನಳಿಗೆಯಲ್ಲಿ ಹನಿ ಬೀಳುತ್ತಿತ್ತು, ಒಂದೇ ಸಮನೆ. ಎರಡು ದಿನ ಅದನ್ನೇ ನೋಡುತ್ತ ಕೂತೆ. ಮೂರನೆಯ ದಿನ ಮನಸ್ಸಿಗೆ ಒಂದು ಬಂತು, ಬರಬಾರದಿತ್ತು. ಪ್ರಾರ್ಥನೆಯನ್ನು ಒಂದು ಸಲ ಪೂರ್ತಿ, ಕೂಗುವ ವೇಗದಲ್ಲಿ, ಮನಸ್ಸಿನಲ್ಲೇ ಹೇಳಿ ಹನಿ ಎಣಿಸಿದೆ. ಮೂವತ್ತೆರಡು. ನಾನು ದಂಡೆಯ ಮೇಲೆ ಹೇಳುತ್ತಿದ್ದ ಹಾಗೆ ಸಾಲು ಬಿಟ್ಟು ಹೇಳಿದೆ. ಇಪ್ಪತ್ತೆಂಟು. ಮೂರು ಸಲ ಎಣಿಸಿದೆ, ಅಷ್ಟೇ ಬಂತು.

ಹೊರಗೆ ಅಂಗಳಕ್ಕೆ ಹೋಗಿ ಕಲ್ಲು ಆರಿಸಿದೆ. ಒಂದು ಪ್ರಾರ್ಥನೆಗೆ ನಾಲ್ಕು ಹನಿ ಕಡಿಮೆ. ನಾಲ್ಕು ನಾಲ್ಕು ಕಲ್ಲು ಇಡುತ್ತ ನಲವತ್ತು ಸಲ ಇಟ್ಟೆ. ಆಮೇಲೆ ಅದೇ ರಾಶಿಯಿಂದ ಮೂವತ್ತೆರಡು ಮೂವತ್ತೆರಡು ತೆಗೆದೆ. ಐದು ಸಲ ತೆಗೆಯುವಷ್ಟು ಇತ್ತು. ಐದು ಪೂರ್ತಿ ಪ್ರಾರ್ಥನೆಯ ಹೊತ್ತನ್ನು ನಾನು ನುಂಗಿದ್ದೆ. ಮದ್ದು ಸಿಡಿದದ್ದು ಅವನು ಇಳಿದ ಮೇಲಿನ ಮೂರನೆಯದರಲ್ಲಿ. ಸಾಲು ಹೇಳಿದ್ದರೆ ಆಗ ಅವನು ಇನ್ನೂ ದಂಡೆಯ ಮೇಲೆ ನಿಂತು ನನ್ನನ್ನು ಬೈಯುತ್ತ ಇರುತ್ತಿದ್ದ.

ಅತ್ತೆ ನೀರಿನ ತಂಬಿಗೆ ತುಂಬಿಕೊಂಡು ಬಂದಳು. ಕಲ್ಲಿನ ಸಾಲು ನೋಡಿದಳು.

"ಅತ್ತಿ, ಪ್ರಾರ್ಥನ್ಯಾಗ ನಾ ಒಂದ ಸಾಲ ಬಿಡತಿದ್ದೆರಿ," ಎಂದೆ.

"ಗೊತ್ತೈತಿ."

"ಯಾವಾಗಿಂದ ಗೊತ್ತೈತ್ರಿ?"

"ಕೂಸ ಮಣ್ಣ ಮಾಡಿದಾಗಿಂದ. ಗಂಟಲ ಹೋಗೇತಿ ನಂದು, ಕಿವಿ ಹೋಗಿಲ್ಲ."

"ಮತ್ತ ಯಾಕ ಸುಮ್ಮ ಇದ್ರಿ?"

ಅತ್ತೆ ತಂಬಿಗೆ ಇಟ್ಟು ಕೂತಳು. "ನನ್ನ ಗಂಡನ ಸಲುವಾಗಿ ನಾ ಆರ ವರ್ಸ ಆ ಸಾಲ ಬಿಟ್ಟೀನಿ. ಬಿಟ್ಟ ಜಾಗಾಕ್ಕ ಮನಸಿನ್ಯಾಗ ಅಂವನ್ನ ಬೈತಿದ್ದೆ. ಅಷ್ಟ ಉದ್ದಾನ ಬೈಗುಳ, ಒಂದ ಅಕ್ಷರ ಕಡಿಮಿ ಇಲ್ಲ. ನೀನೂ ಹಂಗ ಬೈತಿ ಅಂತ ತಿಳದಿದ್ದೆ." ಒಂದು ಕಲ್ಲು ಎತ್ತಿ ಪಕ್ಕಕ್ಕಿಟ್ಟು ಅಂದಳು, "ಕ್ಷಮಾ ಮಾಡಾಕ ಆಗಲಿಲ್ಲಂದ್ರ ಬೈಗುಳಾನರ ಹಾಕಬೇಕವಾ. ದೇವರ ಕಾಯತಾನ. ಮದ್ದ ಕಾಯಂಗಿಲ್ಲ."

ಅವಳು ಅಳಲಿಲ್ಲ. ಒಳಗೆ ಹೋಗಿ ಮಗನ ತುಟಿಗೆ ನೀರು ಬಿಟ್ಟಳು.

ನಾನು ಮೋಟಾರು ನಿಲ್ಲುವಲ್ಲಿಗೆ ನಡೆದೆ. ಯಮಕನಮರಡಿಗೆ ಹೋಗುವ ಮೋಟಾರು ನಿಂತಿತ್ತು. ಊರಲ್ಲಿ ನನ್ನ ಅಣ್ಣ ಇದ್ದ, ಎರಡು ಹೊತ್ತು ರೊಟ್ಟಿ ಹಾಕುತ್ತಿದ್ದ. ಕುರುಡನನ್ನು ಅವನ ತಾಯಿ ನೋಡಿಕೊಳ್ಳಲಿ. ಕೂಸು ತಿಂದವನ ಕಣ್ಣು ಹೋಯಿತು, ಸರಿಗೆ ಸರಿ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡದ್ದು ಸಿಹಿಯಾಗಿಯೇ ಇತ್ತು. ಸುಳ್ಳು ಹೇಳುವುದಿಲ್ಲ.

ಹತ್ತುವ ಮೊದಲು ಪ್ರಾರ್ಥನೆ ಮಾಡೋಣ ಎಂದು ಗಿಡದ ಬುಡಕ್ಕೆ ನಿಂತೆ. ಶುರು ಮಾಡಿದೆ. ರೊಟ್ಟಿಯ ಸಾಲು ದಾಟಿತು. ಆ ಸಾಲಿಗೆ ಬಂದು ನಿಂತೆ. ಹಾರೋಣ ಎಂದರೆ ಈಗ ಹಾರಲೂ ಬರಲಿಲ್ಲ. ಹಾರಿದ ಒಂದೊಂದು ಸಲಕ್ಕೂ ನಾಲ್ಕು ಹನಿ ಕಣ್ಣ ಮುಂದೆ ಬೀಳುತ್ತಿದ್ದವು. ಹದಿನಾಲ್ಕು ವರ್ಷದಿಂದ ಹೇಳಿದ ಪ್ರಾರ್ಥನೆಯನ್ನು ಅಂದು ಮೊದಲ ಸಲ ಕೂಲಿಯವಳ ಕಣ್ಣಿನಿಂದ ನೋಡಿದೆ. ಉಳಿದ ಎಲ್ಲ ಸಾಲಿನಲ್ಲೂ ಬೇಡುವವರು ನಾವು, ಮಾಡುವವನು ದೇವರು. ರೊಟ್ಟಿ ಕೊಡುವವನು ಅವನು, ಬಿಡಿಸುವವನು ಅವನು. ಆ ಒಂದೇ ಸಾಲಿನಲ್ಲಿ ನಮ್ಮ ಪಾಲಿಗೆ ಕೆಲಸ ಇದೆ. ನಾನು ನನ್ನ ಪಾಲಿನ ಕೆಲಸ ಬಿಟ್ಟು ಆಮೆನ್ ಅಂದಿದ್ದೆ. ಬತ್ತಿ ಹಚ್ಚದೆ ಬುಟ್ಟಿ ಏರಿದ ಹಾಗೆ.

"ನನ್ನಿಂದ ಇದು ಆಗೂದಿಲ್ಲ," ಎಂದು ದೇವರಿಗೆ ಹೇಳಿದೆ. "ಆಗೂದಿಲ್ಲ ಅಂತ ಗೊತ್ತಿದ್ರ ಬಲ ನೀ ಕೊಡು. ಅಂವನ ಮ್ಯಾಲ ಪ್ರೀತಿ ಬ್ಯಾಡ, ನಿಂತ ಕೆಲಸ ಮಾಡೂ ಬಲ ಕೊಡು."

"ಏ ಯವ್ವಾ, ಬರತಿಯೋ ಇಲ್ಲೋ?" ಎಂದು ಕಂಡಕ್ಟರ ಕೂಗಿದ.

"ನಡೀರಿ ನೀವು," ಎಂದೆ.

ಬೆಳಕೇನೂ ಕಾಣಲಿಲ್ಲ, ದನಿಯೇನೂ ಕೇಳಲಿಲ್ಲ. ಕಾಲು ಮೋಟಾರಿನ ಮೆಟ್ಟಿಲು ಹತ್ತಲಿಲ್ಲ, ಅಷ್ಟೇ. ಅದು ನನಗೆ ಸಾಕಾಗಿತ್ತು. ದವಾಖಾನೆಗೆ ತಿರುಗಿ ಹೋದೆ.

ಒಂದೂವರೆ ತಿಂಗಳಾದ ಮೇಲೆ ಅವನನ್ನು ಕಲ್ಲೋಳಿಯ ಗುಡಿಸಲಿಗೆ ಕರೆತಂದೆವು. ಬಾವಿ ನಿಂತೇ ಇತ್ತು. ಅದು ರಕ್ತ ಕೇಳಿದ ಬಾವಿ ಎಂದು ಯಾವ ಗಂಡಸೂ ಬತ್ತಿ ಹಚ್ಚಲು ಇಳಿಯುತ್ತಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ, ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ, ಅವನಿಗೆ ಹೇಳಿದೆ. ಸುತ್ತುಬಳಸಿ ಹೇಳಲಿಲ್ಲ. ಯಾವ ಸಾಲು, ಯಾವಾಗಿನಿಂದ, ಯಾಕೆ, ಎಷ್ಟು ಹನಿ, ಎಲ್ಲ ಹೇಳಿದೆ.

ಕೇಳುತ್ತಿದ್ದ ಹಾಗೆ ಅವನ ಎಡಗೈ ನೆಲದ ಮೇಲೆ ಹುಡುಕುತ್ತಿತ್ತು. ಘಣದ ಹಿಡಿಕೆ ಸಿಕ್ಕಿತು. ನನ್ನ ದನಿ ಇದ್ದ ಕಡೆ ಬೀಸಿದ. ಹೆಗಲಿಗೆ ಬಿತ್ತು, ಎಲುಬು ಲಟಕ್ ಎಂದದ್ದು ಅತ್ತೆಗೂ ಕೇಳಿರಬೇಕು. ಎರಡನೆಯ ಸಲ ಬೀಸಿದಾಗ ನಾನು ಹಿಡಿಕೆ ಹಿಡಿದು ತಿರುವಿ ಕಸಿದೆ. ಕಸಿದು ಅವನ ಮೊಣಕಾಲಿನ ಕೆಳಗೆ ಒಂದು ಹೊಡೆದೆ. ಒಂದೇ. ಅವನು ಬಿದ್ದ.

"ಇದು ಕೂಸಿಂದು," ಎಂದೆ. "ಮುಗೀತು. ಇನ್ನ ನೀವ ಕೈ ಎತ್ತಿದ್ರ ನಾ ಇಲ್ಲಿ ಇರಂಗಿಲ್ಲ. ಕ್ಷಮಾ ಮಾಡೂದಂದ್ರ ಬಡಿಸ್ಕೊಳ್ಳೂದಲ್ಲ."

ಇಬ್ಬರೂ ತೇಕುತ್ತಿದ್ದೆವು. ಅವನ ಕಟ್ಟಿನಿಂದ ರಕ್ತ ಬರುತ್ತಿತ್ತು, ನನ್ನ ಕೈ ಏಳುತ್ತಿರಲಿಲ್ಲ. ಅತ್ತೆ ಒಲೆಯಿಂದ ಮುಖ ತಿರುಗಿಸಲಿಲ್ಲ.

"ಮುಗೀತೇನ ಇಬ್ಬರ್ದೂ?" ಎಂದಳು. "ರೊಟ್ಟಿ ಆರತಾವ."

ತಿಂದೆವು. ನಾನು ಮುರಿದು ಅವನ ಎಡಗೈಗೆ ಇಟ್ಟೆ, ಅವನು ತಿಂದ. ಮೂರು ವಾರ ಅವನು ನನ್ನ ಜೊತೆ ಮಾತಾಡಲಿಲ್ಲ. ಹೆಗಲು ಕೂಡುವ ತನಕ ಅತ್ತೆಯೇ ನೀರು ಹೊತ್ತಳು.

ಹೆಗಲು ಕೂಡಿದ ದಿನ ಮುಕಾದಮ ಬಂದ. ಗುಡಿಸಲು ಕೀಳಿರಿ, ಹೊಸ ಗುಂಪು ತರುತ್ತೇನೆ ಎಂದ.

"ಬತ್ತಿ ನಾ ಹಚ್ಚತೇನ್ರಿ," ಎಂದೆ. "ಮ್ಯಾಲ ನಿಂತ ಪ್ರಾರ್ಥನಿ ಇವರ ಹೇಳತಾರ."

ಮುಕಾದಮ ನಕ್ಕ. "ಹೆಂಗಸು ಮದ್ದ ಹಾರ್ಸಿದ್ದ ಎಲ್ಲ್ಯರ ಕೇಳಿಯೇನ?"

"ನಿಮ್ಮ ಮನ್ಯಾಗ ಒಲಿ ಯಾರ ಹಚ್ಚತಾರ್ರಿ?"

"ಒಲಿ ಬ್ಯಾರೆ."

"ಬೆಂಕಿ ಒಂದ ಅಲ್ಲೇನ್ರಿ?"

"ಕುರುಡ ಮ್ಯಾಲ, ಹೆಂಗಸು ಕೆಳಗ! ಗೌಡ್ರ ಕೇಳಿದ್ರ ನಗತಾರ."

"ಗೌಡ್ರಿಗೆ ನೀರ ಬೇಕಾಗೇತಿ," ಎಂದಳು ಅತ್ತೆ. "ನಗು ಬೇಕಾಗಿಲ್ಲ."

"ಸತ್ರ ನನ್ನ ಮ್ಯಾಲಿಲ್ಲ ನೋಡ."

"ನಿಮ್ಮ ಮ್ಯಾಲ ಯಾವತ್ತ ಏನ ಬಿದ್ದೇತ್ರಿ?" ಎಂದೆ. "ಬೀಳೂ ಕಲ್ಲೆಲ್ಲಾ ನಮ್ಮ ಮ್ಯಾಲ ಬಿದ್ದಾವ."

ಬೇರೆ ಗುಂಪು ಸಿಕ್ಕಿರಲಿಲ್ಲ ಎಂದು ಕಾಣುತ್ತದೆ. ನಾಳೆ ಹಚ್ಚಿ ತೋರಿಸು, ನೋಡೋಣ ಎಂದು ಹೋದ.

ಅವನು ಹೋದ ಮೇಲೆ ಗಂಡ ಬಾಯಿ ತೆರೆದ. ಮೂರು ವಾರದ ಮೇಲಿನ ಮೊದಲ ಮಾತು. "ನಾ ಸಾಲ ಬಿಟ್ರ?"

"ಬಿಡ್ರಿ. ಬಿಟ್ರ ಲಗೂ ಎತ್ತತಾರ. ನನಗ ಏನೂ ಆಗಂಗಿಲ್ಲ," ಎಂದೆ. "ನಡುವ ನಿಂತ್ರ ಮಾತ್ರ ಆಮೆನ್ ಬೀಳಂಗಿಲ್ಲ. ಆಮೆನ್ ಬೀಳದ ಅವರು ಎತ್ತಂಗಿಲ್ಲ."

ನನ್ನನ್ನು ಹೇಗೆ ಕೊಲ್ಲಬಹುದು ಎಂದು ನಾನೇ ಹೇಳಿಕೊಟ್ಟಂತೆ ಆಯಿತು. ತಿಳಿದೇ ಹೇಳಿದೆ. ಅವನ ಜೀವ ಒಂದು ವರ್ಷ ನನ್ನ ಬಾಯಲ್ಲಿ ಇತ್ತು, ಅವನಿಗೆ ಗೊತ್ತಿರಲಿಲ್ಲ. ನನ್ನದು ಅವನ ಬಾಯಲ್ಲಿ ಇರುವಾಗ ಅವನಿಗೆ ಗೊತ್ತಿರಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಗಂಡಸರು ಐದು ತೂತು ಹೊಡೆದು ಮೇಲೆ ಹೋದರು. ಮದ್ದನ್ನು ನಾನು ಒಣ ಗೋಣಿಯ ಮೇಲೆ ಇಟ್ಟು, ಮುಟ್ಟಿ ನೋಡಿ, ಒಂದೊಂದೇ ತುಂಬಿದೆ. ಬತ್ತಿಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿದೆ, ಗೇಣಿಗೆ ಗೇಣು ಕೂಡಿಸಿ. ಮಣ್ಣು ಗಿಡಿದೆ. ತಲೆ ಎತ್ತಿದರೆ ಆಕಾಶ ಹಿಟ್ಟು ನಾದುವ ಒಂದು ಪರಾತದಷ್ಟು. ಅದರ ಅಂಚಿಗೆ ಅವನ ತಲೆ, ಸುತ್ತಿದ ಬಿಳಿ ಬಟ್ಟೆ. ಅತ್ತೆ ಅವನ ಅಂಗಿಯ ಹಿಂಭಾಗ ಹಿಡಿದು ನಿಂತಿದ್ದಳು, ಒಳಗೆ ಬೀಳದಿರಲಿ ಎಂದು.

"ಹಚ್ಚೇನಿ!" ಎಂದು ಕೂಗಿದೆ.

ಅವನು ಶುರು ಮಾಡಿದ. ಅವನದು ದೊಡ್ಡ ದನಿ, ಬಾವಿ ತುಂಬಿತು. ಎರಡನೆಯ ಬತ್ತಿ. ಮೂರನೆಯದು. ಮೊದಲ ಸಲ ಪೂರ್ತಿ ಹೇಳಿದ, ಆ ಸಾಲನ್ನೂ ಹೇಳಿದ, ಅವಸರದಲ್ಲಿ, ಬಿಸಿ ಅನ್ನ ನುಂಗಿದ ಹಾಗೆ. ನಾಲ್ಕನೆಯದು. ಐದನೆಯದು ಹಿಡಿಯಲಿಲ್ಲ, ಊದಿದೆ, ಹಿಡಿಯಿತು. ಬುಟ್ಟಿಯಲ್ಲಿ ಕೂತು ಹಗ್ಗ ಹಿಡಿದೆ. ಎರಡನೆಯ ಸಲ ರೊಟ್ಟಿಯ ಸಾಲಿನ ತನಕ ಬಂದ.

ಅಲ್ಲಿ ನಿಂತ.

ಬಾವಿಯಲ್ಲಿ ಬತ್ತಿಗಳ ಸಪ್ಪಳ ಮಾತ್ರ. ಐದು ಹಾವು ಬುಸುಗುಟ್ಟುವ ಹಾಗೆ. ನಾನು ಒಂದು ಉಸಿರು ಕಾದೆ, ಎರಡು ಉಸಿರು ಕಾದೆ.

"ಹೇಳ್ರಿ!" ಎಂದು ಕೂಗಿದೆ.

ಮೇಲಿನಿಂದ ಅವನ ದನಿ ನಿಧಾನವಾಗಿ ಇಳಿಯಿತು. "ನೀ ಹೇಳ ಮದಲ."

"ಹೇಳೋ!" ಎಂದೆ. ಆ ತನಕ ಅವನಿಗೆ ರಿ ಬಿಟ್ಟು ಕೂಗಿದ್ದಿಲ್ಲ.

"ನೀ ಹೇಳ. ನನಗ ಕೇಳಬೇಕು."

ಕಟ್ಟಳೆಯಂತೆ ಯಾರಿಯವರು ಮೇಲೆ ನಿಂತೇ ಇದ್ದರು, ಆಮೆನ್‌ಗೆ ಕಾಯುತ್ತ. ಮೊದಲ ಬತ್ತಿ ಕೈ ಉದ್ದ ಇದ್ದದ್ದು ಬೆರಳುದ್ದ ಆಗುತ್ತಿತ್ತು. ನಾನು ಹೇಳಿದೆ. ಧುಪದಾಳದ ಗರಸಿನ ರಾಶಿಯ ನಂತರ ಮೊದಲ ಸಲ, ಗಂಟಲು ಹರಿಯುವ ಹಾಗೆ, ಒಂದು ಅಕ್ಷರ ಬಿಡದೆ ಆ ಸಾಲು ಕೂಗಿದೆ. ಮನಸ್ಸಿನಿಂದ ಹೇಳಿದೆಯೋ ಮದ್ದಿನ ಹೆದರಿಕೆಗೆ ಹೇಳಿದೆಯೋ ಎಂದು ಸಭೆಯಲ್ಲಿ ಪಾದ್ರಿಗಳು ಆಮೇಲೆ ಕೇಳಿದರು. ಎರಡೂ ಇತ್ತು ಎಂದೆ.

ಮೇಲೆ ಅವನು ಅದೇ ಸಾಲು ಹೇಳಿದ. ಈ ಸಲ ನುಂಗಲಿಲ್ಲ. ಉಳಿದದ್ದನ್ನು ಓಡಿಸಿ ಆಮೆನ್ ಎಂದು ಕಿರುಚಿದ. ಹಗ್ಗ ಜಗ್ಗಿತು.

ದಂಡೆಗೆ ಒಂದಾಳು ಉಳಿದಿರುವಾಗ ಮೊದಲನೆಯದು ಸಿಡಿಯಿತು. ಬುಟ್ಟಿ ಗೋಡೆಗೆ ಬಡಿದು ನನ್ನ ಎರಡು ಹಲ್ಲು ಹೋದವು, ಕಾಲಿನ ಮೀನಖಂಡದಲ್ಲಿ ಕಲ್ಲಿನ ಚೂರು ಹೊಕ್ಕಿತು. ಅದು ಇಂದಿಗೂ ಅಲ್ಲೇ ಇದೆ, ಚಳಿಗಾಲದಲ್ಲಿ ತಿಳಿಯುತ್ತದೆ. ಯಾರಿಯವರು ಹಿಡಿಕೆ ಬಿಡಲಿಲ್ಲ. ಅತ್ತೆ ಮಗನ ಅಂಗಿ ಬಿಟ್ಟು ನನ್ನ ಜುಟ್ಟು ಹಿಡಿದು ದಂಡೆಗೆ ಎಳೆದಳು. ಮೂವರೂ ನೆಲಕ್ಕೆ ಮುಖ ಕೊಟ್ಟು ಮಲಗಿದೆವು.

ಎರಡು. ಮೂರು. ನಾಲ್ಕು. ಅವನ ಎಡಗೈ ನನ್ನ ಮುಖದ ಪಕ್ಕದಲ್ಲೇ ಇತ್ತು, ಒಂದೊಂದು ಸಿಡಿತಕ್ಕೆ ಒಂದೊಂದು ಬೆರಳು ಮಡಚುತ್ತಿದ್ದ. ಹೆಬ್ಬೆರಳು ಉಳಿದಿತ್ತು. ಐದನೆಯದಕ್ಕೆ ಕಾದೆವು. ಊದಿ ಹಚ್ಚಿದ್ದು, ತಡವಾಗಿ ಬಂತು. ಮುಷ್ಟಿ ಕಟ್ಟಿದ.

"ಎಷ್ಟ?" ಎಂದ.

"ಐದ್ರಿ," ಎಂದೆ, ಬಾಯಲ್ಲಿನ ರಕ್ತ ಉಗುಳಿ.

"ನನಗೂ ಐದ. ನಡೀ, ಹೊಗಿ ಹೋಗೂ ತನಾ ಮೂರ ಹೇಳೂನು."

ಕೂಡಿ ಹೇಳಿದೆವು. ಆ ಸಾಲು ಮೂರು ಸಲ ಬಂತು. ಯಾರೂ ನಿಲ್ಲಲಿಲ್ಲ.

ಕೂಸು ತಿರುಗಿ ಬರಲಿಲ್ಲ, ಅವನ ಕಣ್ಣೂ ಬರಲಿಲ್ಲ. ಅವನು ಮತ್ತೆ ನನ್ನ ಮೇಲೆ ಕೈ ಎತ್ತಲಿಲ್ಲ. ಹನ್ನೆರಡು ದಿನದ ಮೇಲೆ ಆ ಬಾವಿಗೆ ನೀರು ಬಂತು, ಸವಳು ನೀರು. ಅದು ಆಮೇಲಿನ ಮಾತು. ಅಂದು ಮೂರನೆಯ ಆಮೆನ್ ಆದ ಮೇಲೆ ಕಾಲಿಗೆ ಸೀರೆಯ ಚೂರು ಸುತ್ತಿಕೊಂಡು ಬುಟ್ಟಿಯಲ್ಲಿ ಕೂತೆ. ಒಡೆದ ಕಲ್ಲು ಮೇಲೆ ಕಳಿಸಿ ಸಂಜೆಯೊಳಗೆ ಮತ್ತೆ ಐದು ತೂತಿಗೆ ಜಾಗ ಮಾಡಬೇಕಿತ್ತು.

"ಇಳಸ್ರಿ," ಎಂದು ಯಾರಿಯವರಿಗೆ ಹೇಳಿದೆ.